ಕಡಲಡಿಯ ಕಾರ್ಪಾಸ

ಮನುಷ್ಯರಂತೆ ಮಾತುಗಳಿಗೂ ದೇಶಾಟನೆಯ ಯೋಗವಿರುತ್ತದೆ. ಹತ್ತಿಗೆ ಹಳಗನ್ನಡದಲ್ಲಿ ಪರ್ತಿ ಎಂದು ಹೆಸರು. ಸಂಸ್ಕೃತದಲ್ಲಿ ಕರ್ಪಾಸ ಅಥವಾ ಕಾರ್ಪಾಸ. ಕನ್ನಡದ ಪರ್ತಿ ಹತ್ತಿಯಾಗಿ ಮನೆಯಲ್ಲಿಯೇ ನಿಂತಿತು. ಕರ್ಪಾಸವಾದರೋ ವರ್ತಕರ ಮೂಟೆಗಳೊಡನೆ ಪಡುವಣಕ್ಕೆ ಪಯಣ ಬೆಳೆಸಿತು. ಗ್ರೀಕರ ಬಾಯಲ್ಲಿ ಅದು ಕಾರ್ಪಸೋಸ್ ಆಯಿತು. ರೋಮನರ ಬಾಯಲ್ಲಿ ಕಾರ್ಬಸುಸ್ ಆಯಿತು. ದಾರಿಯಲ್ಲಿ ಅರ್ಥವೂ ತುಸು ಸವೆದು, ಅಲ್ಲಿ ಅದು ನಯವಾದ ನಾರುಬಟ್ಟೆಗೂ ಹಡಗಿನ ಹಾಯಿಗೂ ಸಲ್ಲುವ ಮಾತಾಯಿತು. ಕಡೆಗೆ ೧೭೮೬ರಲ್ಲಿ ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಕೇಳಿದರೆ ಆಶ್ಚರ್ಯವಾದೀತು. ಉತ್ತರದ ತಣ್ಣನೆಯ ಕಡಲುಗಳ ತಳದಲ್ಲಿ ಕಲ್ಲು ಚಿಪ್ಪುಗಳಿಗೆ ಅಂಟಿಕೊಂಡು ಬೆಳೆಯುವ ಒಂದು ಪ್ರಾಣಿಗೆ ಅದು ಹೆಸರಾಯಿತು. ಆ ಪ್ರಾಣಿಯೇ ಕಾರ್ಬೇಸಿಯ.

ಹೀಗೆ ಹೆಸರಿಟ್ಟ ಗ್ರಂಥವು ಇಬ್ಬರದು. ಒಬ್ಬನು ಜಾನ್ ಎಲ್ಲಿಸ್, ಇನ್ನೊಬ್ಬನು ಕ್ಯಾಪ್ಟನ್ ಕುಕ್‌ನೊಡನೆ ಭೂಪ್ರದಕ್ಷಿಣೆ ಮಾಡಿ ಬಂದ ಡೇನಿಯಲ್ ಸೊಲಾಂಡರ್. ಗ್ರಂಥವು ಅಚ್ಚಾಗಿ ಹೊರಬಂದಾಗ ಇಬ್ಬರೂ ಬದುಕಿರಲಿಲ್ಲ. ಎಲ್ಲಿಸನು ೧೭೭೬ರಲ್ಲಿಯೂ ಸೊಲಾಂಡರನು ೧೭೮೨ರಲ್ಲಿಯೂ ತೀರಿಕೊಂಡಿದ್ದರು. ಎಲ್ಲಿಸನ ಕಸಬು ನಾರುಬಟ್ಟೆಯ ವ್ಯಾಪಾರ. ದಿನವೂ ಬಟ್ಟೆಯ ನೇಯ್ಗೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದವನ ಪುಸ್ತಕದಲ್ಲಿ ಒಂದು ಕಡಲಪ್ರಾಣಿಗೆ ಬಟ್ಟೆಯ ಹೆಸರು ಬಿದ್ದುದು ಎಷ್ಟು ಒಪ್ಪುವ ಸಂಗತಿ!

ಕಣ್ಣಿಗೆ ಕಾಣುವಂತೆ ಕಾರ್ಬೇಸಿಯವು ಪ್ರಾಣಿಯೇ ಅಲ್ಲ. ಕೆಲವೇ ಅಂಗುಲ ಎತ್ತರದ, ಅಂಚು ಸೀಳಿದ, ಮಸಕು ಕಂದು ಬಣ್ಣದ ತೆಳುವಾದ ಎಲೆ ಅದು. ಅಲೆ ಬಂದರೆ ಬಾಗುತ್ತದೆ, ಅಲೆ ಹೋದರೆ ಏಳುತ್ತದೆ. ಕಾಲಿಲ್ಲ, ಕಣ್ಣಿಲ್ಲ, ಬಾಯಿ ಇರುವ ಸುಳಿವಿಲ್ಲ. ಮೀನುಗಾರನ ಬಲೆಯಲ್ಲಿ ಸಿಕ್ಕಿದರೆ ಕಡಲಪಾಚಿಯೆಂದು ಕಿತ್ತೆಸೆಯುವುದೇ ಸಹಜ. ದೊಡ್ಡ ದೊಡ್ಡವರೂ ಹಾಗೆಯೇ ಭ್ರಮಿಸಿದರು. ೧೬೬೫ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯು ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡ ವಸ್ತುಗಳ ಚಿತ್ರಗಳನ್ನು ಬರೆದು ಪ್ರಕಟಿಸಿದನು. ಅದರಲ್ಲಿ ಕಾರ್ಬೇಸಿಯದ ಹತ್ತಿರದ ಬಂಧುವಾದ ಫ್ಲಸ್ಟ್ರವೂ ಇತ್ತು. ಜೇನುಹುಟ್ಟಿನಂತೆ ಒತ್ತಾಗಿ ಜೋಡಿಸಿದ ಅದರ ಪುಟ್ಟ ಗೂಡುಗಳನ್ನು ಹುಕ್ ಸ್ಪಷ್ಟವಾಗಿ ಕಂಡನು, ಅಂದವಾಗಿ ಚಿತ್ರಿಸಿದನು. ಆದರೆ ಅದನ್ನು ಸೇರಿಸಿದ್ದು ಕಡಲಸಸ್ಯಗಳ ಸಾಲಿಗೆ. ಮನೆಗಳನ್ನು ಕಂಡನು, ಮನೆಯವರನ್ನು ಕಾಣಲಿಲ್ಲ. ಮನೆಯವರನ್ನು ಕಾಣಬೇಕಾದರೆ ಎಲೆಯು ನೀರಿನಲ್ಲಿ ಜೀವಂತವಾಗಿರಬೇಕು, ನೋಡುವವನಿಗೆ ತಾಳ್ಮೆ ಇರಬೇಕು.

ಆ ತಾಳ್ಮೆ ಇದ್ದವರಿಗೆ ಕಂಡದ್ದೇನು? ಎಲೆಯೆಂದು ತೋರುವ ಆ ವಸ್ತು ಒಂದು ಪ್ರಾಣಿಯಲ್ಲ, ಸಾವಿರಾರು ಪ್ರಾಣಿಗಳ ಒಂದು ವಠಾರ. ಒಂದೊಂದು ಗೂಡೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಒಂದೊಂದರಲ್ಲಿಯೂ ಒಬ್ಬೊಬ್ಬ ನಿವಾಸಿ. ಇಂತಹ ಪ್ರಾಣಿಗಳ ಇಡೀ ವಂಶಕ್ಕೆ ೧೮೩೧ರಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಎಂಬ ವಿದ್ವಾಂಸನು ಬ್ರಯೋಜೋವ, ಎಂದರೆ ಹಾವಸೆಪ್ರಾಣಿಗಳು, ಎಂದು ಹೆಸರಿಟ್ಟನು. ಈ ವಂಶದಲ್ಲಿ ಇಂದು ಬದುಕಿರುವ ಜಾತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಫ್ಲಸ್ಟ್ರದಲ್ಲಿ ಗೂಡುಗಳು ಬೆನ್ನಿಗೆ ಬೆನ್ನು ಕೊಟ್ಟು ಎರಡು ಪದರಗಳಾಗಿ ನಿಲ್ಲುತ್ತವೆ. ಎಲೆಯ ಎರಡು ಮೈಯಲ್ಲಿಯೂ ಬಾಗಿಲುಗಳುಂಟು. ಕಾರ್ಬೇಸಿಯದಲ್ಲಿ ಒಂದೇ ಪದರ. ಬಾಗಿಲುಗಳೆಲ್ಲ ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲು ಬರಿಯ ಹಿತ್ತಿಲಗೋಡೆ. ಬಟ್ಟೆಗೂ ಹೀಗೆಯೇ ಮೇಲ್ಮೈ, ಒಳಮೈ ಎಂಬುದುಂಟಷ್ಟೆ.

ಗೂಡಿನ ಒಳಗಿನ ವ್ಯವಸ್ಥೆಯಂತೂ ಸೋಜಿಗವೇ ಸರಿ. ಪಕ್ಕದ ಗೋಡೆಗಳು ತಕ್ಕಮಟ್ಟಿಗೆ ಗಟ್ಟಿ. ಎದುರಿನ ಗೋಡೆ ಮಾತ್ರ ಹದವಾದ ತೆಳುಪೊರೆ. ಅದರ ಒಂದು ತುದಿಯಲ್ಲಿ ಮುಚ್ಚಳದಂತಹ ಬಾಗಿಲು. ಒಳಗಿರುವ ಪ್ರಾಣಿಗೆ ಹಸಿವಾಯಿತೆನ್ನಿ. ಪಕ್ಕದ ಗೋಡೆಗಳಿಂದ ಹೊರಟ ಸ್ನಾಯುಗಳು ಎದುರಿನ ಪೊರೆಯನ್ನು ಒಳಕ್ಕೆ ಸೆಳೆಯುತ್ತವೆ. ಗೂಡಿನಲ್ಲಿ ತುಂಬಿದ ರಸಕ್ಕೆ ಹೋಗಲು ಎಡೆಯಿಲ್ಲ. ಅದರ ಒತ್ತಡಕ್ಕೆ ಬಾಗಿಲು ತೆರೆದು ಒಂದು ಕರಬಳ್ಳಿಗಳ ಬಳೆ ಹೂವಿನಂತೆ ಹೊರಗೆ ಅರಳುತ್ತದೆ. ಕರಬಳ್ಳಿಗಳ ಮೈತುಂಬ ಲೋಮಾಂಗಗಳೆಂಬ ಸೂಕ್ಷ್ಮ ರೋಮಗಳು. ಅವು ಎಡೆಬಿಡದೆ ಬೀಸುತ್ತ ನೀರಿನ ಹರಿವನ್ನು ಎಬ್ಬಿಸಿ, ಅದರಲ್ಲಿ ತೇಲುವ ಸಸ್ಯಾಣುಗಳನ್ನು ನಡುವಣ ಬಾಯಿಗೆ ತಂದು ಹಾಕುತ್ತವೆ. ಅಪಾಯದ ಸುಳಿವು ಬಂದರೆ ಇನ್ನೊಂದು ಸ್ನಾಯು ಆ ಹೂವನ್ನು ಮಿಂಚಿನ ವೇಗದಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ. ಕರುಳು ಕೊಂಡಿಯಂತೆ ಬಾಗಿ ಬಂದ ದಾರಿಯ ಬಳಿಗೇ ಮರಳುತ್ತದೆ. ಆದರೆ ಮಲದ್ವಾರವು ಕರಬಳ್ಳಿಗಳ ಬಳೆಯ ಹೊರಗಿರುತ್ತದೆ. ಉಣ್ಣುವ ತಟ್ಟೆಯೂ ಕೊಳೆಯ ಕುಂಡಿಗೆಯೂ ಬೇರೆ ಬೇರೆ ಇರಬೇಕೆಂಬ ಶುಚಿತ್ವ ಇಷ್ಟು ಪುಟ್ಟ ಮನೆಯಲ್ಲಿಯೂ ತಪ್ಪಿಲ್ಲ. ಹೃದಯವಿಲ್ಲ, ಶ್ವಾಸಕೋಶವಿಲ್ಲ, ಕಿವಿರಿಲ್ಲ, ಮೂತ್ರಪಿಂಡವಿಲ್ಲ, ಚರ್ಮವೇ ಉಸಿರಾಡುತ್ತದೆ. ಬಾಯಿಗೂ ಮಲದ್ವಾರಕ್ಕೂ ನಡುವೆ ಇರುವ ಒಂದು ನರಗಂಟೇ ಮಿದುಳಿನ ಕೆಲಸವನ್ನು ನಡೆಸುತ್ತದೆ.

ಇಂತಹ ಮನೆಗಳೆಷ್ಟು? ಇದನ್ನು ಲೆಕ್ಕ ಹಾಕಿದ ಮಹಾಶಯನೊಬ್ಬನಿದ್ದಾನೆ. ಎಡಿನ್‌ಬರೋ ನಗರದ ವೈದ್ಯ ರಾಬರ್ಟ್ ಗ್ರಾಂಟ್, ೧೮೨೭ರಲ್ಲಿ ಈ ಕಾರ್ಬೇಸಿಯವನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದನು. ಒಂದು ಚದರ ಅಂಗುಲಕ್ಕೆ ೧,೮೦೦ ಗೂಡುಗಳು. ಸಾಧಾರಣವಾದ ಒಂದು ಗಿಡಕ್ಕೆ, ಗಿಡವೆಂದೇ ಕರೆಯೋಣ, ಹತ್ತು ಚದರ ಅಂಗುಲ ಹರಹು. ಆದುದರಿಂದ ೧೮,೦೦೦ ನಿವಾಸಿಗಳು. ಒಬ್ಬೊಬ್ಬರಿಗೆ ೨೨ ಕರಬಳ್ಳಿಗಳಂತೆ ೩,೯೬,೦೦೦ ಕರಬಳ್ಳಿಗಳು. ಒಂದು ಕರಬಳ್ಳಿಗೆ ನೂರು ಲೋಮಾಂಗಗಳಂತೆ ೩,೯೬,೦೦,೦೦೦ ಲೋಮಾಂಗಗಳು! ಅಂಗೈಯಲ್ಲಿ ಅಡಗುವ ಒಂದು ಎಲೆಯಲ್ಲಿ ಸುಮಾರು ನಾಲ್ಕು ಕೋಟಿ ಬೀಸಣಿಗೆಗಳು ಹಗಲಿರುಳು ಬೀಸುತ್ತಿವೆ. ಮೀನುಗಾರನು ಕಿತ್ತೆಸೆದ ಕಸದಲ್ಲಿ ಒಂದು ಊರಿನ ಜನಸಂಖ್ಯೆ ಇತ್ತು.

ಈ ಹದಿನೆಂಟು ಸಾವಿರ ಮಂದಿಯೂ ಒಬ್ಬನ ಸಂತಾನ. ಕಲ್ಲಿನ ಮೇಲೆ ಮೊದಲು ನೆಲಸಿದ ಒಂದೇ ಒಂದು ಪ್ರಾಣಿ ಮೊಗ್ಗೊಡೆದು ಎರಡಾಗಿ, ಎರಡು ನಾಲ್ಕಾಗಿ ಎಲೆ ಬೆಳೆಯುತ್ತದೆ. ಹಿರಿಯರು ಬುಡದಲ್ಲಿ, ಎಳೆಯರು ಅಂಚಿನಲ್ಲಿ. ನೆರೆಮನೆಗಳ ನಡುವಿನ ಗೋಡೆಗಳಲ್ಲಿ ಅತಿ ಸಣ್ಣ ರಂಧ್ರಗಳಿವೆ. ಜಠರಕ್ಕೆ ಅಂಟಿದ ಒಂದು ಎಳೆ ಆ ರಂಧ್ರಗಳವರೆಗೂ ಹೋಗಿ, ಉಂಡ ಅನ್ನದ ಸಾರವನ್ನು ಪಕ್ಕದ ಮನೆಗೆ ದಾಟಿಸುತ್ತದೆ. ಇನ್ನೂ ಬಾಯಿ ಮೂಡದ ಅಂಚಿನ ಕೂಸುಗಳು ಬೆಳೆಯುವುದು ಹೀಗೆ ಹಿರಿಯರು ಉಂಡ ಅನ್ನದಿಂದ. ಕೆಲವು ವಾರಗಳಾದ ಮೇಲೆ ಗೂಡಿನ ನಿವಾಸಿಯ ಕರುಳು, ಕರಬಳ್ಳಿ ಎಲ್ಲವೂ ಸವೆದು ಒಂದು ಕಂದು ಉಂಡೆಯಾಗಿ ಮುದುಡಿಹೋಗುತ್ತದೆ. ಆಗಲೂ ಮನೆ ಪಾಳು ಬೀಳುವುದಿಲ್ಲ. ನೆರೆಹೊರೆಯ ಅನ್ನದ ಬಲದಿಂದ ಅದೇ ಗೋಡೆಯಿಂದ ಹೊಸ ಕರುಳು, ಹೊಸ ಕರಬಳ್ಳಿ ಚಿಗುರುತ್ತವೆ. ಇಲ್ಲಿ ಸತ್ತವನಾರು, ಹುಟ್ಟಿದವನಾರು? ಪ್ರಾಣಿ ಎಂಬುದು ಒಂದೊಂದು ಗೂಡೋ, ಇಡಿಯ ಎಲೆಯೋ? ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಈ ಪ್ರಶ್ನೆ ತೀರ ಹೊಸದಲ್ಲ. ಯಾರ ದುಡಿಮೆಯಿಂದ ಯಾರ ಎಲೆಗೆ ಅನ್ನ ಬಿತ್ತೆಂದು ಅಲ್ಲಿಯೂ ಲೆಕ್ಕ ಇಟ್ಟವರಿಲ್ಲ. ಲೆಕ್ಕ ಇಡಲು ತೊಡಗಿದ ದಿನ ಮನೆ ಎರಡಾಗುತ್ತದೆ.

ಇನ್ನು ಈ ಪ್ರಾಣಿಯ ನಾಡು. ತಣ್ಣೀರೇ ಇದರ ರಾಜ್ಯ. ಬ್ಯಾರೆಂಟ್ಸ್ ಸಮುದ್ರ, ಶ್ವೇತಸಮುದ್ರ, ನಾರ್ವೆಯ ತೀರ, ಅಲ್ಲಿಂದ ಕೆಳಗೆ ಸ್ಕಾಟ್ಲೆಂಡಿನ ಪಕ್ಕದ ಉತ್ತರಸಮುದ್ರ. ಅಟ್ಲಾಂಟಿಕ್ ಸಾಗರದ ಆಚೆಗೆ ಉತ್ತರ ಅಮೆರಿಕದ ಈಶಾನ್ಯ ಕರಾವಳಿ. ತಣ್ಣನೆಯ ನೀರು ಪ್ರಾಣವಾಯುವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲ ಕಳೆದು ಬಿಸಿಲು ಮೂಡಿದೊಡನೆ ಆ ಕಡಲುಗಳಲ್ಲಿ ಸಸ್ಯಾಣುಗಳು ಸುಗ್ಗಿಯಂತೆ ಹುಲುಸಾಗಿ ಎದ್ದುಬರುತ್ತವೆ. ಬೀಸಣಿಗೆ ಬೀಸಿ ಉಣ್ಣುವವರಿಗೆ ಅದೇ ಹಬ್ಬದೂಟ. ಆದರೆ ಬುಡ ಅಂಟಿಕೊಂಡು ನಿಂತಲ್ಲಿಂದ ಒಂದು ಕೂದಲೆಳೆಯಷ್ಟೂ ಕದಲಲಾರದ ಈ ಪ್ರಾಣಿ, ರಷ್ಯದ ಕಡಲಿನಿಂದ ಅಮೆರಿಕದ ಕಡಲಿನವರೆಗೆ ಹರಡಿದ್ದು ಹೇಗೆ?

ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ದೊರೆತುದು ೧೮೨೭ರ ಮಾರ್ಚಿ ತಿಂಗಳಲ್ಲಿ, ಎಡಿನ್‌ಬರೋ ನಗರದಲ್ಲಿ, ಹದಿನೆಂಟು ವರ್ಷದ ಒಬ್ಬ ವಿದ್ಯಾರ್ಥಿಗೆ. ತಂದೆಯು ಅವನನ್ನು ವೈದ್ಯನಾಗಲೆಂದು ಕಳುಹಿದ್ದನು. ಅರಿವಳಿಕೆಯ ಔಷಧ ಇನ್ನೂ ಇಲ್ಲದ ಕಾಲ. ರೋಗಿಗಳ ಚೀರಾಟದ ನಡುವೆ ನಡೆಯುವ ಶಸ್ತ್ರಚಿಕಿತ್ಸೆಯನ್ನು ಕಂಡು ಹುಡುಗನು ಓಡಿಬಂದನು. ಮನಸ್ಸು ನಿಂತುದು ಕಡಲ ದಂಡೆಯಲ್ಲಿ. ಅವನನ್ನು ಆ ದಂಡೆಯಲ್ಲಿ ಜೊತೆಗೆ ಕರೆದುಕೊಂಡು ನಡೆದು, ಕಲ್ಲುಗಳ ಸಂದಿನಲ್ಲಿ ಏನನ್ನು ಹುಡುಕಬೇಕು, ಹೇಗೆ ನೋಡಬೇಕು ಎಂಬುದನ್ನು ಕಲಿಸಿದವನು, ಮೇಲೆ ಹೇಳಿದ ರಾಬರ್ಟ್ ಗ್ರಾಂಟ್. ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್.

ನ್ಯೂಹೇವನ್ ಎಂಬ ಬೆಸ್ತರ ಹಳ್ಳಿಯ ದೋಣಿಗಳು ಫೋರ್ತ್ ಅಳಿವೆಯ ತಳವನ್ನು ಬಾಚಿ ತರುತ್ತಿದ್ದವು. ಆ ದೋಣಿಗಳಿಂದ ಡಾರ್ವಿನ್ನನು ಕಾರ್ಬೇಸಿಯವನ್ನು ಪಡೆದು ತಂದನು. ಅವನಲ್ಲಿದ್ದುದು ಅತ್ಯಂತ ಸಾಮಾನ್ಯವಾದ ಸೂಕ್ಷ್ಮದರ್ಶಕ. ಗೂಡುಗಳಲ್ಲಿ ಮೊಟ್ಟೆಗಳೆಂದು ಎಲ್ಲರೂ ಕರೆಯುತ್ತಿದ್ದ ಕಣಗಳನ್ನು ಗಾಜಿನ ತಟ್ಟೆಯ ನೀರಿಗೆ ಬಿಟ್ಟು ನೋಡಿದನು. ಅವು ಸುಮ್ಮನೆ ಬೀಳಲಿಲ್ಲ. ಅತ್ತಿಂದಿತ್ತ ಸರಸರನೆ ಈಜಾಡಿದವು. ಮೈಮೇಲಿನ ಲೋಮಾಂಗಗಳೇ ಅವುಗಳ ಹುಟ್ಟುಗೋಲು. ಅವು ಮೊಟ್ಟೆಗಳಲ್ಲ, ಈಜಬಲ್ಲ ಡಿಂಭಗಳು, ಎಂದರೆ ಮರಿಗಳು. ತನಗಿಂತ ಮೊದಲು ಇದನ್ನು ಯಾವ ಗ್ರಂಥಕಾರನೂ ಬರೆದಂತಿಲ್ಲವೆಂದು ಅವನು ತನ್ನ ಪುಸ್ತಕದಲ್ಲಿ ಗುರುತುಹಾಕಿಕೊಂಡನು. ಮುಂದೆ ಲೋಕವನ್ನೇ ಅಲುಗಿಸಲಿದ್ದವನು ಶಾಸ್ತ್ರಕ್ಕೆ ಕೊಟ್ಟ ಮೊದಲ ಕಾಣಿಕೆ ಇದು.

ಕದಲದ ಪ್ರಾಣಿಯ ಪ್ರಯಾಣದ ಗುಟ್ಟು ಈ ಡಿಂಭದಲ್ಲಿದೆ. ಆದರೆ ಅದು ಅರ್ಧ ಗುಟ್ಟು ಮಾತ್ರ. ಇಂತಹ ಡಿಂಭಕ್ಕೆ ಉಣ್ಣುವ ಬಾಯಿ ಇಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿಯುವುದರೊಳಗೆ, ಎಂದರೆ ಕೆಲವು ಗಂಟೆಗಳಲ್ಲಿಯೇ, ಒಂದು ಕಲ್ಲನ್ನೋ ಚಿಪ್ಪನ್ನೋ ಹುಡುಕಿ ಅಂಟಿಕೊಳ್ಳಬೇಕು. ಸಾಗರವನ್ನು ದಾಟುವ ಶಕ್ತಿ ಅದಕ್ಕೆಲ್ಲಿ ಬಂದೀತು? ಒಂದು ತಲೆಮಾರು ಕೆಲವು ಮಾರು ದೂರ; ಮುಂದಿನ ತಲೆಮಾರು ಇನ್ನು ಕೆಲವು ಮಾರು. ಎಂದಾದರೊಮ್ಮೆ ತೇಲುವ ಪಾಚಿಯನ್ನೋ ಉರುಳುವ ಚಿಪ್ಪನ್ನೋ ಹತ್ತಿ ದೂರಪ್ರಯಾಣ. ಮನುಷ್ಯರ ಲೆಕ್ಕಕ್ಕೆ ಸಿಕ್ಕದಷ್ಟು ಸಾವಿರ ವರ್ಷಗಳಲ್ಲಿ ಹೀಗೆ ಹೆಜ್ಜೆ ಕೂಡಿಸಿ ಕೂಡಿಸಿ ಕಟ್ಟಿದ ರಾಜ್ಯವಿದು. ಇಂದು ಉತ್ತರಧ್ರುವದ ಸುತ್ತಿನ ಪ್ರದೇಶವು ಭೂಮಿಯ ಉಳಿದ ಭಾಗಗಳಿಗಿಂತ ಬೇಗಬೇಗನೆ ಬಿಸಿಯಾಗುತ್ತಿರುವುದನ್ನು ನೆನೆದಾಗ, ಕೆಲವು ಗಂಟೆಗಳ ಬುತ್ತಿ ಹೊತ್ತ ಈ ದಾರಿಗನ ಬಗೆಗೆ ಮನಸ್ಸು ಕಳವಳಗೊಳ್ಳದಿರದು. ತಣ್ಣೀರು ಹಿಂದೆ ಸರಿದಷ್ಟು ಬೇಗ ಅದನ್ನು ಹಿಂಬಾಲಿಸಿ ನಡೆಯುವ ಕಾಲುಗಳು ಇದಕ್ಕಿಲ್ಲ.

ಇತ್ತ ಎಡಿನ್‌ಬರೋದಲ್ಲಿ ಏನಾಯಿತು? ಡಾರ್ವಿನ್ನನು ಹಿಗ್ಗಿನಿಂದ ಗುರುವಿನ ಬಳಿಗೆ ಓಡಿದನು. ಬೆನ್ನು ತಟ್ಟುವನೆಂದು ಬಗೆದಿದ್ದ ಗುರುವು ಮುಖ ಬಿಗಿದನು. ತನ್ನ ವಿಷಯಕ್ಕೆ ಕೈಹಾಕುವುದು ಸರಿಯಲ್ಲವೆಂದೂ ಅದನ್ನು ಪ್ರಕಟಿಸಿದರೆ ತನಗೆ ಬೇಸರವಾಗುವುದೆಂದೂ ಹೇಳಿದನು. ಡಾರ್ವಿನ್ನನ ಮಗಳು ಬಹುಕಾಲದ ಮೇಲೆ ಬರೆದಿಟ್ಟ ಟಿಪ್ಪಣಿಯಿಂದ ಈ ಸಂಗತಿ ತಿಳಿದುಬಂದಿದೆ. ಮಾರ್ಚಿ ೨೪ರಂದು ವರ್ನರ್ ಸಂಘದ ಸಭೆಯಲ್ಲಿ ಗ್ರಾಂಟನು ಈ ಈಜುವ ಮೊಟ್ಟೆಗಳ ವಿಷಯವನ್ನು ಸಾರಿದನು. ಮೂರು ದಿನಗಳ ಮೇಲೆ, ೨೭ರಂದು, ಪ್ಲಿನಿ ಸಂಘವೆಂಬ ವಿದ್ಯಾರ್ಥಿಗಳ ಕೂಟದಲ್ಲಿ ಡಾರ್ವಿನ್ನನು ತಾನು ಕಂಡುದನ್ನು ಓದಿದನು. ಅದೇ ದಿನ ಅವನು ಒಂದು ಕಡಲಜಿಗಣೆಯ ಮೊಟ್ಟೆಗೂಡಿನ ವಿಷಯವನ್ನೂ ಓದಿದ್ದನು. ಗ್ರಾಂಟನು ಜಿಗಣೆಯ ಲೇಖನವನ್ನು ಅಚ್ಚು ಮಾಡಿಸಿದಾಗ ತನ್ನ ಉತ್ಸಾಹಿ ಕಿರಿಯ ಮಿತ್ರನೆಂದು ಡಾರ್ವಿನ್ನನ ಹೆಸರನ್ನು ಸ್ಮರಿಸಿದನು. ಕಾರ್ಬೇಸಿಯದ ಲೇಖನದಲ್ಲಿ ಆ ಹೆಸರಿಲ್ಲ.

ಗ್ರಾಂಟನನ್ನು ದೂಷಿಸಿಬಿಡುವುದು ಸುಲಭ. ಆದರೆ ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳು. ಸ್ಪಂಜು ಮುಂತಾದ ಕೆಳವರ್ಗದ ಪ್ರಾಣಿಗಳ ಈಜುವ ಮೊಟ್ಟೆಗಳನ್ನು ಆ ಮೊದಲೇ ಹುಡುಕಿ ತೆಗೆದವನು ಗ್ರಾಂಟನೇ. ಹುಡುಗನ ಕಣ್ಣಿಗೆ ನೋಟ ಕಲಿಸಿದವನೂ ಅವನೇ. ಎಷ್ಟೋ ವರ್ಷಗಳಿಂದ ಉತ್ತು ಹದಮಾಡಿದ ಹೊಲದಲ್ಲಿ ನಿನ್ನೆ ಬಂದವನು ಮೊದಲ ತೆನೆ ಕೊಯ್ದರೆ ಒಕ್ಕಲಿಗನಿಗೆ ಸಂಕಟವಾಗದೆ? ಹಾಗೆಂದು ತೆನೆ ಕಂಡವನ ಕಣ್ಣು ಸುಳ್ಳಾಗುವುದೂ ಇಲ್ಲ. ಆ ಕಾಣ್ಕೆ ಗುರುವಿನದೂ ಹೌದು, ಶಿಷ್ಯನದೂ ಹೌದು. ನೊಂದುಕೊಂಡವರು ಇಬ್ಬರು, ಗೂಡಿನೊಳಗಿಂದ ಹೊರಬಂದು ಈಜಿದ ಆ ಮರಿಗೆ ಮಾತ್ರ ತಾನು ಯಾರ ಸೊತ್ತೆಂಬ ಚಿಂತೆಯೇ ಇರಲಿಲ್ಲ. ಅದೇ ವರ್ಷ ಗ್ರಾಂಟನು ಲಂಡನ್ನಿನಲ್ಲಿ ಪ್ರಾಧ್ಯಾಪಕನಾದನು. ೧೮೭೪ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದನು. ಅಲ್ಲಿಯ ಪ್ರಾಣಿಸಂಗ್ರಹಾಲಯವೊಂದಕ್ಕೆ ಇಂದಿಗೂ ಅವನ ಹೆಸರಿದೆ.

ಆ ಪೆಟ್ಟನ್ನು ಡಾರ್ವಿನ್ನನು ಮರೆಯಲಿಲ್ಲ. ಸತ್ಯವನ್ನು ಅರಸುವವರಿಗೆ ಇಂತಹ ಸಣ್ಣತನ ತಕ್ಕುದಲ್ಲವೆಂಬುದು ಅವನ ನಿಲುವಾಗಿತ್ತೆಂದು ಮಗಳು ಬರೆದಿದ್ದಾಳೆ. ಆ ನಿಲುವಿಗೆ ಪರೀಕ್ಷೆಯ ದಿನವೂ ಬಂದಿತು. ೧೮೫೮ರ ಜೂನ್ ತಿಂಗಳಲ್ಲಿ, ದೂರದ ದ್ವೀಪಗಳಲ್ಲಿ ಅಲೆಯುತ್ತಿದ್ದ ವಾಲೇಸ್ ಎಂಬ ಕಿರಿಯನಿಂದ ಒಂದು ಲಕೋಟೆ ಬಂದಿತು. ಡಾರ್ವಿನ್ನನು ಇಪ್ಪತ್ತು ವರ್ಷ ಮಡಿಲಲ್ಲಿಟ್ಟು ಸಾಕಿದ್ದ ಸಿದ್ಧಾಂತವೇ ಅದರಲ್ಲಿತ್ತು. ಈಗ ಹೊಲ ಉತ್ತವನ ಸ್ಥಾನದಲ್ಲಿದ್ದವನು ಡಾರ್ವಿನ್ನನೇ. ಅವನು ಲಕೋಟೆಯನ್ನು ಮುಚ್ಚಿಡಲಿಲ್ಲ, ಮಿತ್ರರ ಮುಂದಿಟ್ಟನು. ಅವರ ಏರ್ಪಾಡಿನಂತೆ ಜುಲೈ ೧ರಂದು ಲಂಡನ್ನಿನ ಲಿನ್ನಿಯನ್ ಸಂಘದಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ದೂರದಲ್ಲಿದ್ದ ವಾಲೇಸನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದು ನಿಜ. ಆದರೂ ಅವನ ಹೆಸರು ಅಳಿಸಿಹೋಗಲಿಲ್ಲ.

ಕಾರ್ಬೇಸಿಯದ ಎಲೆಯಲ್ಲಿ ಗೋಡೆಗಳಿವೆ ಎಂಬುದನ್ನು ಮರೆಯಬಾರದು. ಗೋಡೆಗಳೇ ಇಲ್ಲದಿದ್ದರೆ ಅದು ಎಲೆಯಾಗಿ ನಿಲ್ಲುತ್ತಿರಲಿಲ್ಲ, ಒಂದು ಮುದ್ದೆಯಾಗುತ್ತಿತ್ತು. ಒಬ್ಬೊಬ್ಬನಿಗೂ ತನ್ನ ಬಾಗಿಲು, ತನ್ನ ಕರಬಳ್ಳಿ, ತನ್ನ ಹಸಿವು ಉಂಟು. ರಂಧ್ರಗಳೇ ಇಲ್ಲದಿದ್ದರೆ ಅಂಚಿನ ಕೂಸುಗಳು ಹಸಿದು ಸಾಯುತ್ತಿದ್ದವು. ಎಲೆ ಬುಡದಲ್ಲಿಯೇ ಮುಗಿಯುತ್ತಿತ್ತು. ಸಂಸಾರವಾಗಲಿ, ಪಾಠಶಾಲೆಯಾಗಲಿ, ಶಾಸ್ತ್ರವಾಗಲಿ, ಇವೆರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಬೆಳೆದುದಿಲ್ಲ. ತನ್ನದೆಂಬ ಗೋಡೆ ಕಟ್ಟುವುದು ಎಲ್ಲರಿಗೂ ತಾನಾಗಿಯೇ ಬರುತ್ತದೆ. ಆ ಗೋಡೆಯಲ್ಲಿ ಕಿರಿಯರ ಕಡೆಗೊಂದು ಸಣ್ಣ ಕಂಡಿ ಬಿಡುವುದಕ್ಕೆ ಮಾತ್ರ ದೊಡ್ಡ ಮನಸ್ಸು ಬೇಕಾಗುತ್ತದೆ. ಮನಸ್ಸೇ ಇಲ್ಲದ ಆ ಪ್ರಾಣಿ ಉತ್ತರದ ಕತ್ತಲೆಯ ನೀರಿನಲ್ಲಿ ಅದನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿದೆ.